ಯುದ್ಧಕೋರ ಎಂಬ ಪದ

ಮಂಗಳವಾರ, ಸಂಜೆ

ಅಂತೂ 'ಯ' ಅಕ್ಷರಕ್ಕೆ ಬಂದೆವು. ನಿಘಂಟು ಆಫೀಸಿನಲ್ಲಿ ಇವತ್ತು ನನ್ನ ಪಾಲಿಗೆ 'ಯುದ್ಧಕೋರ'. ಸುಲಭ. ಲಂಚಕೋರ, ಚಾಡಿಕೋರರ 'ಕೋರ' ಎಂಬ ಬಾಲವೇ ಇದಕ್ಕೂ — ಪಾರಸಿಯದು, ತಿನ್ನುವವನು ಅಂತ. ಯುದ್ಧ ತಿನ್ನುವವನು! ಅರ್ಥ ಬರೆದೆ: 'ಶಾಂತಿವಾದವನ್ನು ವಿರೋಧಿಸುವವನು.' ಒಂದೇ ಏಟಿಗೆ ಮುಗಿಯಿತು. ಪಳಗಿದ ಕೈ, ಸುಮ್ಮನೆ ಅಲ್ಲ.

"ಮನೇಲಿ ಓದಿ ನೋಡ್ಕೊಂಡು ಬನ್ನಿ" ಎಂದರು ಸಂಪಾದಕರು. ನಮ್ಮಲ್ಲಿ ಅದೊಂದು ಪದ್ಧತಿ. ಪದ ಮುಚ್ಚಿಟ್ಟು ಅರ್ಥ ಮಾತ್ರ ಓದಬೇಕು. ಕೇಳಿದವರು ಅದೇ ಪದ ಹೇಳಿದರೆ ಪಾಸು.

ಮನೆಯಲ್ಲಿರುವವಳು ಮಗಳೊಬ್ಬಳೇ. ಭಾನುವಾರ ಸೈನ್ಯಕ್ಕೆ ಹೊರಡುತ್ತಾಳೆ. ಬೇಡವೇ ಬೇಡ ಅಂದೆ. ಬಂದೂಕು ಹಿಡಿದು ಯಾರೂ ಉದ್ಧಾರವಾಗಿಲ್ಲ — ಈಗಲೂ ಅನ್ನುತ್ತೇನೆ.

ಬುಧವಾರ, ಊಟವಾದ ಮೇಲೆ

ಓದಿದೆ. ಶೂ ಪಾಲಿಶ್ ಮಾಡುತ್ತಿದ್ದವಳು ತಲೆ ಎತ್ತಲಿಲ್ಲ.

"ನಾನು."

"ಪದ ಹೇಳೇ, ತಲೆಹರಟೆ."

"ಶಾಂತಿವಾದ ಒಪ್ಪಲ್ಲಮ್ಮ ನಾನು. ಬಾಗಿಲು ಒದ್ದು ಬಂದವ್ರಿಗೆ ಯಾರಾದ್ರೂ ಅಡ್ಡ ನಿಲ್ಬೇಕು ಅಂತೀನಿ. ಏನು ಅದರ ಹೆಸ್ರು?"

ಹಾಳೆ ತೋರಿಸಿದೆ. ಬುದ್ಧಿ ಎಲ್ಲಿಟ್ಟಿದ್ದೆನೋ. ಪದ, ಮೂಲ, ಅರ್ಥ ಎಲ್ಲ ಓದಿದಳು. ಬ್ರಷ್ ಕೆಳಗಿಟ್ಟಳು.

"ಓಹೋ... ಯುದ್ಧ ತಿನ್ನೋಳು ನಾನು."

ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶನಿವಾರ

ಮಾತಿಲ್ಲ ಕತೆಯಿಲ್ಲ. ಉಣ್ಣುತ್ತಾಳೆ, ತಟ್ಟೆ ತೊಳೆದಿಟ್ಟು ಹೋಗುತ್ತಾಳೆ. ಹೀಗೇ ಹೊರಟುಬಿಟ್ಟರೆ?

ಅರ್ಥ ತಿದ್ದಲೇಬೇಕು ಅಂತ ಆಫೀಸಿನಲ್ಲಿ ಜಗಳ. "ಅಚ್ಚಿಗೆ ಪುಟ ಕಟ್ಟಾಯ್ತಲ್ಲ ಮೇಡಂ, ಹಾಗೇ ಹೋಗ್ಲಿ ಬಿಡಿ" ಎಂದರು ಸಂಪಾದಕರು. ಬಿಡುವವಳೇ ನಾನು? ಇಂಗ್ಲಿಷಿನಲ್ಲಿ ಶಾಂತಿವಾದಿಯ ಎದುರಾಳಿಗೆ ಬೆಲಿಸಿಸ್ಟ್ ಅಂತ ಬೇರೆಯೇ ಪದವಿದೆ. ಲ್ಯಾಟಿನ್ನಿನಲ್ಲಿ ಬೆಲ್ಲುಮ್ ಅಂದರೆ ಯುದ್ಧ, ಅಷ್ಟೇ — ತಿನ್ನುವ ಮಾತಿಲ್ಲ. ನಾವೇಕೆ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಬೇಕು? ಪುಟ ಬಿಚ್ಚಿಸಿಯೇ ಎದ್ದೆ. ಹೊಸದು: 'ಯುದ್ಧವಾಗಲಿ ಎಂದು ಹಾತೊರೆದು, ಅದರಿಂದ ಹೊಟ್ಟೆ ಹೊರೆಯುವವನು.' ಇದು ಪಾಸಾಗದಿದ್ದರೆ ಕೇಳಿ!

ಭಾನುವಾರ, ಬೆಳಿಗ್ಗೆ

ಮುಚ್ಚಿದ ಬಾಗಿಲ ಈಚೆ ನಿಂತೇ ಓದಿದೆ. ಒಳಗಿಂದ ಉತ್ತರ ಬಂತು — "ಯುದ್ಧಕೋರ."

ಪಾಸು! ಹಾಳೆ ಮಡಚುವಷ್ಟರಲ್ಲಿ ಅವಳೇ ಮತ್ತೆ ಕೇಳಿದಳು.

"ಹಾಗಾದ್ರೆ ನಂಗೇನಂತೀಯ?"

"ಗೊತ್ತಿಲ್ಲ ಕಣೇ. ಹುಡುಕ್ತಾ ಇದೀನಿ."

ನಕ್ಕಳು ಅನ್ನಿಸಿತು.

ವ್ಯಾನ್ ಬಂದು ನಿಂತಿದೆ. ಅವಳು ಹೋಗುವುದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ, ಯಾರು ಬಂದು ಹೇಳಿದರೂ ಇಲ್ಲ. ಮೆಟ್ಟಿಲ ಹತ್ತಿರದಿಂದ ಕೂಗುತ್ತಿದ್ದಾಳೆ — ಅಮ್ಮಾ, ಬ್ಯಾಗ್ ಭಾರ, ಇನ್ನೊಂದು ಕಡೆ ಹಿಡ್ಕೋ ಬಾ... ಬಂದೆ ಕಣೇ, ಬಂದೆ—