ತೊಣ್ಣೂರಿನ ನಾಲ್ಕೂವರೆ ಸೆಕೆಂಡು

ಜನವರಿ 9, ನಾಗಮಂಗಲ

ಲಾಡ್ಜಿನ ನಾಗರಾಜನಿಗೆ ಇವತ್ತೂ ವಿವರಿಸಿದೆ. ದಾರಕ್ಕೆ ಕಟ್ಟಿದ ತೂಗುಗುಂಡು ಪೂರ್ತಿ ನೇರ ನಿಲ್ಲಲ್ಲ, ಬಂಡೆ-ಗುಡ್ಡ ಕೂದಲೆಳೆಯಷ್ಟು ಎಳೆಯುತ್ತವೆ. ಎಷ್ಟು ಅಂತ ನಕ್ಷತ್ರ ನೋಡಿ ಅಳೆಯುವುದು ನನ್ನ ಕೆಲಸ. “ಗುಡ್ಡ ಎಳೀತದಾ? ಬುಡಕ್ಕ!” ಎಂದು ನಕ್ಕ.

ನನ್ನ ಅಳತೆ 2.4 ಸೆಕೆಂಡು. ಗಡಿಯಾರದ್ದಲ್ಲ, ಕೋನದ್ದು. ಡೆಹ್ರಾಡೂನಿನಲ್ಲಿ ಕೂತ ತಿಮ್ಮೇಶನ ಕಂಪ್ಯೂಟರ್ ಮಾಡೆಲ್ 2.6 ಅನ್ನುತ್ತದೆ. ಈಮೇಲಿನಲ್ಲಿ ಒಂದೇ ಪದ: ಓಕೆ. ಹಾಳಾದವನು.

ಜನವರಿ 11, ಗೋವಿಂದನಹಳ್ಳಿ

ವ್ಯತ್ಯಾಸ 0.3. ಮತ್ತೆ ಓಕೆ.

ಜನವರಿ 16, ತೊಣ್ಣೂರು

ಕೆರೆ ಮೇಲಿನ ಬಂಡೆ. ಕಾಫಿ ತಂದ ಪುಟ್ಟತಾಯಮ್ಮ ಗುರುತು ಹಿಡಿದರು. “ಆವತ್ತು ನಿನ್ ಜೊತೆ ಇದ್ನಲ್ಲ ಉದ್ದನೆ ಹೈದ, ಯಾಕವ್ವ ಬರ್ನಿಲ್ಲ?”

ನಾಲ್ಕು ವರ್ಷದ ಹಿಂದೆ ಇದೇ ಬಂಡೆ ಮೇಲೆ ತಿಮ್ಮೇಶ “ಮದ್ವೆ ಆಗಾನ” ಎಂದಿದ್ದ. “ನೋಡೋಣ” ಅಂದೆ, ದೊಡ್ಡ ಮನುಷ್ಯಳ ಹಾಗೆ. ಮುಂದಿನ ತಿಂಗಳೇ ಡೆಹ್ರಾಡೂನಿಗೆ ವರ್ಗ ಮಾಡಿಸಿಕೊಂಡು ಹೋದ.

ಜನವರಿ 19

ನಾನು 7.6. ಮಾಡೆಲ್ 3.1. ನಾಲ್ಕೂವರೆ ಸೆಕೆಂಡು ವ್ಯತ್ಯಾಸ!

ಫೋನ್ ಮಾಡಿದ. ನಾಲ್ಕು ವರ್ಷದಲ್ಲಿ ಮೊದಲ ಸಲ. “ನಾನೇ ಬಂದು ನೋಡ್ತೀನಿ. ಶನಿವಾರ.” ಎರಡು ಸಲ ತಲೆ ಬಾಚಿಕೊಂಡೆ, ಸೋಮವಾರಕ್ಕೇ.

ಜನವರಿ 20, ಬೆಳಗ್ಗೆ 11

ಅಳತೆ ದಿನದ ಫೋಟೋ ನೋಡುತ್ತಿದ್ದೆ. ಟ್ರೈಪಾಡ್ ಕೆಳಗೆ ಇಲಾಖೆ ಗುರುತಿಗೆ ನೆಟ್ಟ ಹೊಸ ಕಂಬ ಇಲ್ಲ. ನಾಲ್ಕು ವರ್ಷದ ಹಿಂದೆ ನಾವಿಬ್ಬರೂ ಗುರುತಿಗೆ ಹೊಡೆದ ಹಳೇ ಮೊಳೆ! ಕಾಲು ತಾನಾಗಿ ಅಲ್ಲಿಗೇ ಹೋಗಿದೆ. ಫೈಲಿನಲ್ಲಿ ಮಾತ್ರ ಹೊಸ ಕಂಬದ ಜಾಗ ಬರೆದಿದ್ದೇನೆ. ಮೊಳೆಗೂ ಕಂಬಕ್ಕೂ ನೂರ ನಲವತ್ತು ಮೀಟರು. ಕೋನದ ಒಂದು ಸೆಕೆಂಡೆಂದರೆ ನೆಲದ ಮೇಲೆ ಮೂವತ್ತೊಂದು ಮೀಟರು... ನಾಲ್ಕೂವರೆ. ಗುಡ್ಡದ್ದೇನೂ ತಪ್ಪಿಲ್ಲ.

ಹೇಳಿದರೆ ಅವನು ಬರುವ ಕಾರಣವೇ ಇಲ್ಲ. ಶನಿವಾರದವರೆಗೆ ಸುಮ್ಮನಿದ್ದರೆ?

ಜನವರಿ 22

ಹೇಳಿಬಿಟ್ಟೆ. ಸುಳ್ಳು ಅಂಕಿ ಹಾಗೇ ಬಿಡಲು ಮನಸ್ಸು ಬರಲಿಲ್ಲ.

ಫೋನಿನಲ್ಲಿ ಅವನು: “ಗೊತ್ತಿತ್ತು ಕಣೆ. ಅವತ್ತೇ ಲೆಕ್ಕ ಹಾಕ್ದೆ. ಆ ಮೊಳೆ ಮೇಲೇ ನಿಂತಿದ್ದೀಯ ಅಂತ ಗೊತ್ತಾದ್ಮೇಲೇ ಫೋನ್ ಮಾಡಿದ್ದು.”

ಬರುತ್ತೀಯಾ ಅಂತ ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಮತ್ತೆ ಮಾಡಲು ಧೈರ್ಯ ಸಾಲಲಿಲ್ಲ.

ಜನವರಿ 24, ಶನಿವಾರ, 8.40

ಪಾಂಡವಪುರ ಸ್ಟೇಷನ್. ಈ ಸಲ “ನೋಡೋಣ” ಅನ್ನಲ್ಲ. ಅವನು ಕೇಳದಿದ್ದರೆ ನಾನೇ ಕೇಳುತ್ತೇನೆ.

ಟ್ರೈನ್ ಬಂತು. ಉದ್ದನೆಯವನೊಬ್ಬ ಇಳಿದ... ಅಲ್ಲ. ಇನ್ನೊಬ್ಬ... ಅಲ್ಲ. ಕೊನೇ ಬೋಗಿ ಬಾಗಿಲಲ್ಲಿ ಅವನೇ—