ಪ್ರಶ್ನೆ ಕೇಳಿ ನಪಾಸಾದ ಹದಿನಾಲ್ಕು ಮಂದಿ

ಮೌಲ್ಯಮಾಪನಾಧಿಕಾರಿಗಳೇ,

ಕಳೆದ ತಿಂಗಳ ಹನ್ನೊಂದನೇ ತಾರೀಕು ನೀವು ಘನ್ಸೋಲಿಯ ನಮ್ಮ ತರಬೇತಿ ಕೇಂದ್ರಕ್ಕೆ ಬಂದು ಹದಿನಾಲ್ಕು ಹೆಂಗಸರನ್ನು ಇಂಗ್ಲಿಷಿನಲ್ಲಿ ನಪಾಸು ಮಾಡಿ ಹೋದಿರಿ. ತಪ್ಪು ಉತ್ತರ ಕೊಟ್ಟರೆಂದಲ್ಲ, ಅವರಲ್ಲಿಬ್ಬರು ನಿಮಗೇ ಪ್ರಶ್ನೆ ಕೇಳಿದರೆಂದು. ಉಳಿದ ಹನ್ನೆರಡು ಮಂದಿ ಬಾಯಿ ತೆರೆಯುವ ಮೊದಲೇ ನಿಮ್ಮ ಫೈಲು ಮುಚ್ಚಿತ್ತು. ವರದಿಯಲ್ಲಿ ನೀವು ಬರೆದದ್ದು ಮೂರೇ ಸಾಲು: ಅಭ್ಯರ್ಥಿಗಳು ಮೌಲ್ಯಮಾಪಕರಿಗೆ ಮರುಪ್ರಶ್ನೆ ಹಾಕುತ್ತಾರೆ, ಬೋಧಕಿ ಸ್ಥಳೀಯ ಭಾಷೆ ಬಳಸುತ್ತಾರೆ, ಪ್ರಮಾಣಪತ್ರಕ್ಕೆ ಶಿಫಾರಸು ಇಲ್ಲ. ಇಂಗ್ಲಿಷಿನಲ್ಲಿದ್ದ ಆ ಮೂರು ಸಾಲುಗಳಲ್ಲಿ ವ್ಯಾಕರಣದ ಒಂದೂ ತಪ್ಪಿರಲಿಲ್ಲ. ಅಭಿನಂದನೆಗಳು.

ಕನ್ನಡದಲ್ಲಿ ಬರೆಯುತ್ತಿದ್ದೇನೆಂದು ಸಿಟ್ಟಾಗಬೇಡಿ. ತರಗತಿಯೊಳಗೆ ಇಂಗ್ಲಿಷ್ ಬಿಟ್ಟು ಬೇರೇನೂ ಆಡಕೂಡದು ಎಂದು ನಿಮ್ಮ ಸುತ್ತೋಲೆ ಹೇಳುತ್ತದೆ. ಡೊಂಬಿವಲಿಯ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯ ಬಗ್ಗೆ ಅದರಲ್ಲಿ ಏನೂ ಇಲ್ಲ. ಮರಾಠಿ ಪ್ರತಿಯನ್ನು ಅಂಚೆಯಲ್ಲಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಇಂಗ್ಲಿಷ್ ಪ್ರತಿಯೂ ಬೇಕೆಂದರೆ ನನ್ನ ವಿದ್ಯಾರ್ಥಿನಿಯರೇ ಬರೆದುಕೊಡುತ್ತಾರೆ. ಅದರಲ್ಲಿ ಪ್ರಶ್ನೆಚಿಹ್ನೆಗಳು ಸ್ವಲ್ಪ ಜಾಸ್ತಿ ಇದ್ದಾವು.

ನಾನು ಯಾರೆಂದು ನೀವು ಅಂದು ಕೇಳಲಿಲ್ಲ, ಹಾಗಾಗಿ ಈಗ ಹೇಳುತ್ತೇನೆ. ನಾನು ಕಾರ್ಕಳದ ಕಡೆಯವಳು. ಇಪ್ಪತ್ತೊಂದನೇ ವಯಸ್ಸಿಗೆ ಮದುವೆಯಾಗಿ ಡೊಂಬಿವಲಿಗೆ ಬಂದೆ. ಫೋರ್ಟಿನ ಒಂದು ಹಡಗು ಕಂಪನಿಯಲ್ಲಿ ಮೂವತ್ತೈದು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದೆ. ಬರುವಾಗ ತುಳು ಚೆನ್ನಾಗಿ ಬರುತ್ತಿತ್ತು, ಕನ್ನಡ ಬರುತ್ತಿತ್ತು. ಇಂಗ್ಲಿಷ್ ಓದಲು ಬರುತ್ತಿತ್ತು, ಆಡಲು ಬರುತ್ತಿರಲಿಲ್ಲ. ನಮ್ಮ ಹಿರಿಯ ಆಪರೇಟರ್ ಮೊದಲ ದಿನ ನನಗೆ ಕಲಿಸಿದ್ದು ಒಂದೇ ವಾಕ್ಯ: 'ಹೂ ಈಸ್ ಕಾಲಿಂಗ್, ಪ್ಲೀಸ್?' ಇದನ್ನು ಕೇಳದೆ ಯಾರಿಗೂ ಲೈನು ಕೊಡಬೇಡ, ಕಂಪನಿ ಯಜಮಾನರ ಅತ್ತೆಯಾದರೂ ಸರಿ, ಅಂದರು. ಮೂರನೇ ದಿನ ಯಜಮಾನರ ಅತ್ತೆಯೇ ಕರೆ ಮಾಡಿದರು. ನಾನು ಕೇಳಿದೆ. ಅತ್ತೆ ಬೈದರು. ಯಜಮಾನರು ಬೈಯಲಿಲ್ಲ. ಅಲ್ಲಿಂದ ಮುಂದೆ ನನಗೆ ಇಂಗ್ಲಿಷಿನ ಹೆದರಿಕೆ ಹೋಯಿತು. ಇದು ನನ್ನ ಬೋಧನಾ ಅರ್ಹತೆ. ನಿಮ್ಮ ನಮೂನೆಯಲ್ಲಿ ಇದಕ್ಕೆ ಅಂಕಣವಿಲ್ಲವೆಂದು ನನಗೆ ಗೊತ್ತು.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾಗದೆ ನಿಮ್ಮ ಯೋಜನೆಯಡಿ ಬೋಧಕಿಯಾಗಿ ಸೇರಿದೆ. ವಾರಕ್ಕೆ ಮೂರು ದಿನ ಡೊಂಬಿವಲಿಯಲ್ಲಿ ಲೋಕಲ್ ಗಾಡಿ ಹಿಡಿದು, ಮುಂಬ್ರಾ ದಾಟುವಷ್ಟರಲ್ಲಿ ಪಾಠ ತಯಾರಿಸಿಕೊಂಡು, ಠಾಣೆಯಲ್ಲಿ ಗಾಡಿ ಬದಲಿಸಿ ಘನ್ಸೋಲಿಗೆ ಬರುತ್ತೇನೆ. ನನ್ನ ವಿದ್ಯಾರ್ಥಿನಿಯರು ಮಹಾಪೆಯ ಗಾಜಿನ ಕಟ್ಟಡಗಳಲ್ಲಿ ಹೌಸ್‌ಕೀಪಿಂಗ್ ಮಾಡುವವರು. ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗಿ ಎರಡಕ್ಕೆ ಬಿಟ್ಟು, ಮೂರಕ್ಕೆ ನನ್ನ ಮುಂದೆ ಕೂರುತ್ತಾರೆ. ಹೆಚ್ಚಿನವರು ವಿಜಯಪುರ, ಕಲಬುರಗಿ ಕಡೆಯವರು. ಮೇಲ್ವಿಚಾರಕಿ ಆಗಬೇಕಾದರೆ ಇಂಗ್ಲಿಷ್ ಪ್ರಮಾಣಪತ್ರ ಬೇಕೆಂದು ಅವರ ಗುತ್ತಿಗೆದಾರರು ಹೊಸ ನಿಯಮ ಮಾಡಿದ್ದಾರೆ. ಒಂಬತ್ತು ವರ್ಷ ಅದೇ ಕಟ್ಟಡ ತೊಳೆದ ಚಂದವ್ವ ಬಂದದ್ದು ಅದಕ್ಕೇ.

ಮೊದಲ ತಿಂಗಳು ನಾನು ನಿಮ್ಮ ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದೆ. ಒಂದು ಮಾತು ಕನ್ನಡ ಆಡಲಿಲ್ಲ, ಆಡಗೊಡಲಿಲ್ಲ. ನೀವು ಕಳಿಸಿದ ಕಿರುಹೊತ್ತಿಗೆಯ ನಲವತ್ತು ಪ್ರಶ್ನೆ, ನಲವತ್ತು ಉತ್ತರಗಳನ್ನು ಬಾಯಿಪಾಠ ಮಾಡಿಸಿದೆ. ಎರಡು ಮಂಚ ಹಿಡಿಯದ ಖೋಲಿಗಳಲ್ಲಿ ಇರುವ ಹದಿನಾಲ್ಕು ಹೆಂಗಸರು 'ಮೈ ಹಾಬಿ ಈಸ್ ಗಾರ್ಡನಿಂಗ್' ಎಂದು ಒಂದೇ ರಾಗದಲ್ಲಿ ಹೇಳಿದರು. ನಳದ ಮುಂದೆ ನಾಲ್ಕು ಗಲ್ಲಿಗೆ ಕೇಳುವಂತೆ ಮಾತಾಡುವ ಹೆಂಗಸರು ಇವರು. ನನ್ನ ತರಗತಿಯಲ್ಲಿ ಆಸ್ಪತ್ರೆಯಲ್ಲಿ ಕೂತವರಂತೆ ಕೂತರು. ಇದಕ್ಕೇ ಶಿಸ್ತು ಎನ್ನುತ್ತಾರೇನೋ ಎಂದು ನಾನೂ ಹಿಗ್ಗಿದ್ದೆ.

ಒಂದು ಗುರುವಾರ, ಪದ್ಧತಿಯಂತೆ, ಮುಂದಿನ ಸಾಲಿನಿಂದ ಶುರು ಮಾಡಿದೆ.

"ಹೌ ಆರ್ ಯೂ, ಚಂದವ್ವ?"

"ಐ ಆಮ್ ಫೈನ್, ಥ್ಯಾಂಕ್ ಯೂ. ಹೌ ಆರ್ ಯೂ?"

ಉಚ್ಚಾರ ಸರಿ, ವ್ಯಾಕರಣ ಸರಿ. ನಿಮ್ಮ ಲೆಕ್ಕದಲ್ಲಿ ಪೂರ್ತಿ ಅಂಕ. ಮುಂದಿನವಳ ಕಡೆ ತಿರುಗುವಾಗ ಚಂದವ್ವನ ಬಲಗೈ ಸೆರಗಿನೊಳಗೆ ಇದ್ದದ್ದು ಕಂಡಿತು. ಹೊರಗೆ ತೆಗೆಸಿದೆ. ಹಳೇ ಸೀರೆಯ ಚೂರು ಸುತ್ತಿದ್ದಳು. ಬಿಚ್ಚಿದರೆ ಅಂಗೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿದು ಕೆಂಪಾಗಿತ್ತು. ಅಲ್ಲಿಗೆ ನಾನು ನಿಮ್ಮ ನಿಯಮ ಮುರಿದೆ.

"ಏನಾಯ್ತು ಚಂದವ್ವಾ ಇದು?"

"ಸಂಡಾಸ ತೊಳಿಯೂ ಕ್ಯಾನ್ ಹೊಸಾದು ಬಂದಿತ್ರಿ ಅಕ್ಕೋರ. ಹಳೇದರಂಗ ಬರೇ ಕೈಲೇ ಹಾಕಿ ತಿಕ್ಕಿದ್ನಿ. ಸುಟ್ಟಬಿಡ್ತು. ಮ್ಯಾಲ ಏನೋ ಬರದಾರ, ಇಂಗ್ಲೀಷಿನ್ಯಾಗ."

"ಇದರಲ್ಲಿ ಏನಿದೆ ಅಂತ ಯಾರನ್ನಾದರೂ ಕೇಳಬಾರದಿತ್ತೇ?"

"ಕೇಳೂದು ಹ್ಯಾಂಗ್ರಿ? ನೀವು ನಮಗ ಬರೇ ಹೇಳೂದು ಕಲಿಸೀರಿ, ಕೇಳೂದು ಎಲ್ಲಿ ಕಲಿಸೀರಿ?"

ಪಕ್ಕದಲ್ಲಿದ್ದ ದಾನೇಶ್ವರಿಗೆ ಇಪ್ಪತ್ತನಾಲ್ಕು ವರ್ಷ. ಇಲ್ಲೇ ಹತ್ತಿರದ ದಿಘೆಯಲ್ಲಿ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. "ಮೈನೇ ಪೂಛಾ ಥಾ ನಾ ಟೀಚರ್, ಹಿಂದಿ ಮೇ. ಮ್ಯಾನೇಜರ್ ಬೋಲಾ, ಬಾದ್ ಮೇ. ಅಂಗ್ರೇಜಿ ಮೇ ಕೋಯಿ ಪೂಛೇ ತೋ ಖಡಾ ಹೋಕೇ ಜವಾಬ್ ದೇತಾ ಹೈ" ಅಂದಳು. ಹಿಂದಿಯಲ್ಲಿ ಕೇಳಿದರೆ ಆಮೇಲೆ. ಇಂಗ್ಲಿಷಿನಲ್ಲಿ ಕೇಳಿದರೆ ಎದ್ದು ನಿಂತು ಉತ್ತರ. ಅಧಿಕಾರಿಗಳೇ, ಈ ದೇಶದಲ್ಲಿ ಇಂಗ್ಲಿಷ್ ಯಾಕೆ ಬೇಕು ಎಂಬ ಬಗ್ಗೆ ನಿಮ್ಮ ಹೊತ್ತಿಗೆಯಲ್ಲಿ ಆರು ಪುಟದ ಮುನ್ನುಡಿ ಇದೆ. ಅಷ್ಟನ್ನೂ ಈ ಹುಡುಗಿ ಒಂದು ಉಸಿರಿನಲ್ಲಿ ಹೇಳಿದಳು.

ಕೈ ಸುಟ್ಟುಕೊಂಡವಳ ಬಾಯಲ್ಲಿ 'ನಾನು ಚೆನ್ನಾಗಿದ್ದೇನೆ' ಎಂದು ಹೇಳಿಸಿದ ಶಿಕ್ಷಕಿ ನಾನು. ಆ ದಿನ ಠಾಣೆಯಲ್ಲಿ ಗಾಡಿ ಬದಲಿಸುವುದು ಮರೆತು ವಾಶಿ ಕಡೆಗೆ ವಾಪಸು ಹೋಗುವ ಅದೇ ಗಾಡಿಯಲ್ಲಿ ಕೂತೇ ಇದ್ದೆ. ನನಗೆ ಅಷ್ಟು ನಾಚಿಕೆಯಾಗಿತ್ತು.

ಮರುವಾರದಿಂದ ಹೊತ್ತಿಗೆಯನ್ನು ಕಪಾಟಿನಲ್ಲಿಟ್ಟೆ. ಪ್ರತಿಯೊಬ್ಬಳೂ ಕೆಲಸದ ಜಾಗದಿಂದ ಒಂದು ಪ್ರಶ್ನೆ ತರಬೇಕು; ಕೇಳಬೇಕೆನಿಸಿಯೂ ಕೇಳಲಾಗದೆ ನುಂಗಿಕೊಂಡದ್ದು. ಮೊದಲು ಕನ್ನಡದಲ್ಲಿ, ಹಿಂದಿಯಲ್ಲಿ, ಬೈಗುಳದ ಸಮೇತ ಹೇಳಬೇಕು. ಆಮೇಲೆ ಬೈಗುಳ ತೆಗೆದು ಇಂಗ್ಲಿಷ್ ಮಾಡುವುದು. ತರಗತಿಗೆ ಮತ್ತೆ ನಳದ ಗಲಾಟೆ ಬಂತು. ಇದರಲ್ಲಿ ಏನಿದೆ? ನಿಮಗೆ ಯಾರು ಹೇಳಿದರು? ನಾನೊಬ್ಬಳೇ ಯಾಕೆ? ಹಾಗೆಂದು ಎಲ್ಲಿ ಬರೆದಿದೆ? ಒಂದೊಂದನ್ನು ಇಂಗ್ಲಿಷಿಗೆ ತರುವಾಗಲೂ ಕಾಲ, ವಚನ, ಕ್ರಿಯಾಪದ ಎಲ್ಲವೂ ತಾವಾಗಿ ಬಂದವು. ಬೇಕಾದ ಮಾತಿನ ಹಿಂದೆ ವ್ಯಾಕರಣ ಬರುತ್ತದೆಯೇ ಹೊರತು ವ್ಯಾಕರಣದ ಹಿಂದೆ ಯಾರ ಮಾತೂ ಬಂದದ್ದನ್ನು ನಾನು ಕಂಡಿಲ್ಲ. ನೀವು ಕಂಡಿದ್ದರೆ ತಿಳಿಸಿ.

ಈ ಪದ್ಧತಿಗೆ ಅಡ್ಡ ಪರಿಣಾಮಗಳಿಲ್ಲವೆಂದು ಹೇಳಲಾರೆ. ಚಂದವ್ವನ ಗಂಡ ಮಾಪಣ್ಣ ತುರ್ಭೆಯ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು. ಒಂದು ದಿನ ಕೇಂದ್ರದ ಬಾಗಿಲಿಗೇ ಬಂದು ಕೈಮುಗಿದು ನಿಂತ.

"ಅಕ್ಕೋರ, ಚಾ ಮಾಡು ಅಂದ್ರ ಇಕಿ 'ವೈ ಓನ್ಲಿ ಮೀ' ಅಂತಾಳ್ರಿ. ಕೆಲಸದ ಇಂಗ್ಲೀಷ್ ಕಲಸ್ರಿ, ಮನಿ ಇಂಗ್ಲೀಷ್ ಬ್ಯಾಡ್ರಿ."

"ನೀನೇನು ಉತ್ತರ ಕೊಟ್ಟೆ ಮಾಪಣ್ಣ?"

"ಏನ ಕೊಡ್ಲಿರಿ? ನಂಗ ಇಂಗ್ಲೀಷ್ ಎಲ್ಲಿ ಬರತೈತಿ? ಚಾ ಮಾಡಿದ್ನಿ."

ಆದರೆ ನಿಮಗೆ ತಿಳಿಯಬೇಕಾದ ಸಂಗತಿ ಬೇರೆ. ಕೈ ವಾಸಿಯಾದ ಮೇಲೆ ಚಂದವ್ವ ಒಂದು ಬೆಳಿಗ್ಗೆ ಆ ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಮ್ಯಾನೇಜರರ ಮೇಜಿನ ಮುಂದೆ ನಿಂತಳಂತೆ. ಅವರು ಫೋನಿನಲ್ಲಿದ್ದರು. "ಸರ್, ವಾಟ್ ಈಸ್ ಇನ್ ದಿಸ್? ಪ್ಲೀಸ್ ರೀಡ್." ಅವರು ಫೋನು ಇಟ್ಟರು. ಕನ್ನಡಕ ಹಾಕಿಕೊಂಡು ಓದಿದರು. ಅದರಲ್ಲಿ ಏನಿದೆಯೆಂದು ಅವರಿಗೂ ಅವತ್ತೇ ಗೊತ್ತಾದದ್ದು. ವಾರದೊಳಗೆ ಎಲ್ಲರಿಗೂ ರಬ್ಬರ್ ಗ್ಲೌಸು ಬಂತು, ಕ್ಯಾನಿನ ಮೇಲೆ ಹಿಂದಿ, ಮರಾಠಿ ಚೀಟಿ ಬಂತು. ಅದರ ಕೆಳಗೆ ಚಂದವ್ವ ತನ್ನ ನಾಲ್ಕನೇ ಕ್ಲಾಸಿನ ಕನ್ನಡದಲ್ಲಿ 'ಸುಡತೈತಿ' ಎಂದು ಬರೆದು ಅಂಟಿಸಿದಳು. ಇದನ್ನು ಕಲಿಕೆಯ ಫಲಿತಾಂಶ ಎನ್ನಬಹುದೋ, ಅಥವಾ ಅದಕ್ಕೂ ನಿಮ್ಮಲ್ಲಿ ಬೇರೆ ವ್ಯಾಖ್ಯೆ ಇದೆಯೋ?

ಇನ್ನು ಹನ್ನೊಂದನೇ ತಾರೀಕಿಗೆ ಬರೋಣ. ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷೆ ಎಂದು ನಿಮ್ಮ ಕಚೇರಿ ತಿಳಿಸಿತ್ತು. ಹದಿನಾಲ್ಕು ಮಂದಿ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದರು. ನೀವು ಒಂದೂ ಮುಕ್ಕಾಲಿಗೆ ಬಂದಿರಿ. ಯಾಕೆ ತಡವಾಯಿತೆಂದು ಯಾರೂ ಕೇಳಲಿಲ್ಲ. ಅಷ್ಟು ಸಭ್ಯತೆ ನಾನು ಕಲಿಸಿದ್ದೆ ಎಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಿ.

ಚಂದವ್ವನನ್ನು ಮೊದಲು ಕರೆದಿರಿ. ಹೆಸರು ಕೇಳಿದಿರಿ, ಹೇಳಿದಳು. ಊರು ಕೇಳಿದಿರಿ, ಹೇಳಿದಳು. ಆಮೇಲೆ, "ವಾಟ್ ಈಸ್ ಯುವರ್ ಹಾಬಿ?"

ಬಾಯಿಪಾಠದ ಗಾರ್ಡನಿಂಗ್ ಅವಳಿಗೆ ಮರೆತೇ ಹೋಗಿತ್ತು. "ಸರ್, ವಾಟ್ ಈಸ್ ಎ ಹಾಬಿ?" ಎಂದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು, ತಪ್ಪಿಲ್ಲದ ಇಂಗ್ಲಿಷಿನಲ್ಲಿ ಕೇಳಿದಳು. ನೀವು, "ನೋ ಕ್ವೆಶ್ಚನ್. ಓನ್ಲಿ ಆನ್ಸರ್" ಅಂದಿರಿ. ಅವಳು ನನ್ನ ಕಡೆ ನೋಡಿದಳು. ನಾನು ತಡೆಯಲಾರದೆ, "ಕೆಲಸ ಇಲ್ಲದಾಗ ಏನು ಮಾಡ್ತಿ ಅಂತ ಕೇಳ್ತಿದ್ದಾರೆ" ಎಂದೆ. ಇದೇ ವರದಿಯಲ್ಲಿರುವ ನನ್ನ ಸ್ಥಳೀಯ ಭಾಷೆ. ಚಂದವ್ವ ಪ್ರಾಮಾಣಿಕವಾಗಿ ಯೋಚಿಸಿದಳು. "ಸರ್, ನೋ ವರ್ಕ್, ದೆನ್ ಸ್ಲೀಪ್" ಅಂದಳು. ಆಮೇಲೆ, ಮಾತಾಡಿಸಿದವರನ್ನು ನಾವೂ ಮಾತಾಡಿಸಬೇಕೆಂಬ ಊರ ಮರ್ಯಾದೆಯಿಂದ, "ಸರ್, ವಾಟ್ ಈಸ್ ಯುವರ್ ಹಾಬಿ?" ಎಂದು ಕೇಳಿದಳು.

ನೀವು ಪೆನ್ನಿನ ಮುಚ್ಚಳ ಹಾಕಿದಿರಿ. ಅಭ್ಯರ್ಥಿಗಳು ಪ್ರಶ್ನೆ ಕೇಳುವಂತಿಲ್ಲ, ಅದು ನಿಯಮ, ಎಂದು ಘೋಷಿಸಿದಿರಿ. ಆಗ ಹಿಂದಿನ ಸಾಲಿನಿಂದ ದಾನೇಶ್ವರಿ ಎದ್ದು, ತೀರಾ ಮೆತ್ತಗೆ, "ಸರ್, ವೇರ್ ಈಸ್ ಇಟ್ ರಿಟನ್?" ಅಂದಳು. ಎಲ್ಲಿ ಬರೆದಿದೆ ಎಂದು. ನೀವು ಮಾರ್ಗಸೂಚಿಯ ಪುಸ್ತಕ ತೆಗೆದು ಹುಡುಕತೊಡಗಿದಿರಿ. ಹಿಂದಿನಿಂದ ಮುಂದಕ್ಕೆ ಒಂದು ಸಲ, ಮುಂದಿನಿಂದ ಹಿಂದಕ್ಕೆ ಒಂದು ಸಲ. ಹನ್ನೊಂದು ನಿಮಿಷ. ಅಷ್ಟು ಹೊತ್ತು ಹದಿನಾಲ್ಕು ಹೆಂಗಸರು ನಿಮಗೆ ಸಿಗಲಿ ಎಂಬ ಆಸೆಯಿಂದಲೇ ನೋಡುತ್ತಿದ್ದರು. ಸಿಗಲಿಲ್ಲ. ನೀವು ಎದ್ದು ಹೋದಿರಿ.

ಪರಿಣಾಮ ಹೀಗಿದೆ: ಚಂದವ್ವನಿಗೆ ಬರಬೇಕಾಗಿದ್ದ ಜಾಗಕ್ಕೆ ಬೇರೆ ಕಟ್ಟಡದಿಂದ ಪ್ರಮಾಣಪತ್ರವಿರುವ ಒಬ್ಬರನ್ನು ತಂದಿದ್ದಾರೆ. ಹೊಸ ಮೇಲ್ವಿಚಾರಕರಿಗೆ ಯಾವ ನೆಲಕ್ಕೆ ಯಾವ ಕ್ಯಾನು ಎಂದು ತೋರಿಸಿಕೊಡುತ್ತಿರುವವಳು ಚಂದವ್ವ. ನಮ್ಮ ಕೇಂದ್ರದ ಮಾನ್ಯತೆ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅದನ್ನು ಕೇಳಿದ ದಿನ ಪಾಠ ನಡೆಯಲಿಲ್ಲ. ದಾನೇಶ್ವರಿ ಅತ್ತಳು. ಉಳಿದವರು ಆಗಲೇ ಜಾಗ ಹುಡುಕಲು ಹೊರಟಿದ್ದರು. ಭಜನಾ ಮಂಡಳಿಯವರ ಹಿಂದಿನ ಕೋಣೆ ಸಿಕ್ಕಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು: ಹದಿನಾಲ್ಕು ಮಂದಿಗೂ ಮರುಪರೀಕ್ಷೆಯಾಗಬೇಕು, ಮೂರು ಗಂಟೆಯ ಮೇಲೆ, ಯಾರ ರಜೆಯೂ ಹೋಗದ ಹಾಗೆ. ಅದರಲ್ಲಿ ಅರ್ಧ ಹೊತ್ತು ನೀವು ಕೇಳಿ, ಅರ್ಧ ಹೊತ್ತು ಅವರು ಕೇಳಲಿ. ಎರಡಕ್ಕೂ ಅಂಕ ಇರಲಿ. ಒಂದು ಭಾಷೆಯಲ್ಲಿ ಉತ್ತರ ಕೊಡಲಷ್ಟೇ ಬರುವವರಿಗೆ ಆ ಭಾಷೆ ಬರುತ್ತದೆ ಎನ್ನಲು ನಿಮಗೆ ಮನಸ್ಸು ಹೇಗೆ ಒಪ್ಪುತ್ತದೆ?

ಇಲ್ಲಿಗೆ ಪತ್ರ ಮುಗಿಸಿ ಮೊನ್ನೆ ತರಗತಿಯಲ್ಲಿ ಓದಿ ಹೇಳಿದೆ. ಎಲ್ಲರೂ ನಕ್ಕರು, ಚಂದವ್ವ ನಗಲಿಲ್ಲ.

"ಭಾಳ ಬೈದಂಗ ಆಗೇತ್ರಿ ಅಕ್ಕೋರ."

"ಬೈದಿಲ್ಲ ಚಂದವ್ವಾ, ತಮಾಷೆ ಮಾಡಿದ್ದೇನೆ."

"ಪುಸ್ತಕ ತಿರುವೂಮುಂದ ಆ ಸಾಹೇಬರು ಸಾಲಿನ ಮ್ಯಾಲ ಬೆರಳಿಟ್ಟು ನಮ್ಮಂಗ ಓದತಿದ್ರು. ನಾ ನೋಡೀನಿ. ಆ ಪುಸ್ತಕ ಅವರು ಬರದದ್ದಲ್ಲ, ಮ್ಯಾಲಿನವರು ಕೊಟ್ಟದ್ದು. ಹಿಂಗ ಯಾಕರಿ ಅಂತ ಅವರಿಗೂ ಕೇಳಾಕ ಬಂದಿರಂಗಿಲ್ಲ. ನಮ್ಮ ಕ್ಲಾಸಿಗೇ ಬಂದು ಕುಂದರಲಿ ಅಂತ ಬರೀರಿ."

ಅವಳು ಹೇಳಿದಂತೆ ಬರೆಯುತ್ತಿದ್ದೇನೆ. ಮುಂದಿನ ತಿಂಗಳಿಂದ ಭಜನಾ ಮಂಡಳಿಯ ಹಿಂದಿನ ಕೋಣೆಯಲ್ಲಿ ಮಂಗಳವಾರ, ಗುರುವಾರ, ಶನಿವಾರ, ಮೂರರಿಂದ ನಾಲ್ಕೂವರೆ. ನೆಲದ ಮೇಲೆ ಚಾಪೆ. ಬರುವಾಗ, ನಿಮ್ಮ ಮೇಲಧಿಕಾರಿಗಳನ್ನು ಕೇಳಬೇಕೆಂದಿದ್ದು ಇಷ್ಟು ವರ್ಷ ಕೇಳದೆ ಬಿಟ್ಟ ಒಂದು ಪ್ರಶ್ನೆ ತನ್ನಿ. ಮರಾಠಿಯಲ್ಲೇ ತನ್ನಿ. ಇಂಗ್ಲಿಷ್ ಮಾಡುವುದನ್ನು ಚಂದವ್ವ ಹೇಳಿಕೊಡುತ್ತಾಳೆ.

ಇಂತಿ,
ಅರವತ್ತೆರಡನೆಯ ವಯಸ್ಸಿಗೆ ಮೊದಲ ಸಲ ನಪಾಸಾದ
ರತ್ನಾವತಿ
ಡೊಂಬಿವಲಿ ಪೂರ್ವ