ಹೊರಹೋಗುವ ಬಾಣ

ಮಾರ್ಚ್ ೧೪, ಗುರುವಾರ.

ಸಿಟ್ಟು ಇನ್ನೂ ಇಳಿದಿಲ್ಲ. ಎಚ್‌ಐವಿ ಹೇಗೆ ಹರಡುತ್ತದೆಂದು ಲೆಕ್ಕ ಹಾಕುವ ಇಪ್ಪತ್ತಾರು ಗಣಿತ ಮಾದರಿಗಳನ್ನು ಓದಿ ಮುಗಿಸಿದೆ. ಹೆಚ್ಚಿನವುಗಳ ಚಿತ್ರದಲ್ಲಿ, ಲೈಂಗಿಕ ವೃತ್ತಿಯಿಂದಾಗಿ ‘ತೀವ್ರ ಅಪಾಯ’ದ ಚೌಕಕ್ಕೆ ಬಿದ್ದ ಹೆಣ್ಣು ಸಾಯುವವರೆಗೂ ಅಲ್ಲೇ ಇರಬೇಕು, ಹೊರಗೆ ಹೋಗಲು ಒಂದು ಬಾಣವೂ ಇಲ್ಲ.

ಮಧ್ಯಾಹ್ನ ನಮ್ಮ ಆಪ್ತಸಮಾಲೋಚಕಿ ಅಕ್ಕ ನನ್ನ ಮೇಜಿನ ಮೇಲಿದ್ದ ಒಂದು ಮಾದರಿಯ ಚಿತ್ರ ನೋಡಿ ಕೇಳಿದರು: “ನಾನು ಆ ದಂಧೆ ಬಿಟ್ಟು ಒಂಬತ್ತು ವರ್ಷ ಆಯ್ತಲ್ಲ, ಇದರಲ್ಲಿ ನಾನೆಲ್ಲಿದ್ದೀನಿ?”

ಎದುರಿಗೇ ಕೂತಿದ್ದ ನಮ್ಮ ವಿಭಾಗದ ಸಾಹೇಬರು ತಲೆಯೆತ್ತದೆಯೇ, “ಸಣ್ಣಪುಟ್ಟದ್ದೆಲ್ಲ ಸೇರಿಸ್ತಾ ಹೋದ್ರೆ ಲೆಕ್ಕ ಮುಗಿಯಲ್ಲಮ್ಮ,” ಅಂದರು.

ಒಂಬತ್ತು ವರ್ಷ ಇವರಿಗೆ ಸಣ್ಣಪುಟ್ಟದ್ದು! ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನು ಅಂದೇಬಿಡುತ್ತಿದ್ದೆ. ಅಷ್ಟರಲ್ಲಿ ಅಕ್ಕ, “ಯಾರು ಬರೆದಿದ್ದು ಇದನ್ನ?” ಅಂದರು.

ಹಾಳೆ ಮಗುಚಿಟ್ಟೆ. ಆರು ವರ್ಷದ ಹಿಂದೆ ಆ ಚೌಕ ಬರೆದವಳು ನಾನೇ. ಆಗಲೂ ಅಕ್ಕ ಪಕ್ಕದ ಮೇಜಿನಲ್ಲೇ ಕೂತಿದ್ದರು.